ದೊಡ್ಡಕ್ಕನ ತಕರಾರು ಅರ್ಜಿ: ಕಾಡು ಕಾಯುವ ತೀರ್ಮಾನಗಳಲ್ಲಿ ಜನರ ಮಾತು



ಪಶ್ಚಿಮಘಟ್ಟದ ಬಗ್ಗೆ ಮಾತಾಡಬೇಕು ಎಂದು ನನ್ನನ್ನು ಕರೆದಿದ್ದೀರಿ. ಘಟ್ಟದ ಗಿಡಮರ, ಹಕ್ಕಿ, ಹೊಳೆಗಳ ಬಗ್ಗೆ ನನಗಿಂತ ತಿಳಿದವರು ಈ ಸಭೆಯಲ್ಲೇ ಇದ್ದಾರೆ. ಮೂವತ್ತು ವರ್ಷ ಸಾಗರ ತಾಲ್ಲೂಕಿನ ಹೈಸ್ಕೂಲುಗಳಲ್ಲಿ ಪಾಠ ಮಾಡಿದ ನನ್ನ ಪಾಲಿಗೆ ಬಂದದ್ದು ಬೇರೊಂದು ಕೆಲಸ: ಊರಿನವರಿಗೆ ಅರ್ಜಿ ಬರೆದುಕೊಡುವುದು. ಇವತ್ತು ಹೇಳಬೇಕೆಂದಿರುವುದು ಆ ಅರ್ಜಿಗಳ ಕತೆಯನ್ನೇ. ಸರ್ಕಾರ ಒಂದು ಗುಡ್ಡವನ್ನೋ ಕಾನನ್ನೋ ಉಳಿಸಲು ಹೊರಟಾಗ ಅಲ್ಲಿ ಬದುಕುವವರನ್ನು ಹೇಗೆ ಕೇಳುತ್ತದೆ, ಕೇಳಿದ ಮೇಲೆ ಅವರ ಮಾತು ಎಲ್ಲಿಗೆ ಹೋಗುತ್ತದೆ ಎಂಬುದೇ ನನ್ನ ವಿಷಯ.

2024ರ ಆಗಸ್ಟ್ ತಿಂಗಳು. ಜಡಿಮಳೆ. ಕರೆಂಟು ಹೋಗಿ ಮೂರು ದಿನವಾಗಿತ್ತು. ತೋಟಕ್ಕೆ ಕೊಳೆ ಔಷಧಿ ಹೊಡೆಯಲು ಒಂದು ಹೊಳವು ಸಿಕ್ಕರೆ ಸಾಕೆಂದು ಎಲ್ಲರೂ ಆಕಾಶ ನೋಡುತ್ತಿದ್ದ ಹೊತ್ತು. ನಮ್ಮ ಕೇರಿಯ ಹಿರಿಯ ಹೆಂಗಸೊಬ್ಬರು ಕಂಬಳಿಕೊಪ್ಪೆ ಹಾಕಿಕೊಂಡು ಜಗುಲಿಗೆ ಬಂದರು. ನಾನು ಅವರನ್ನು ದೊಡ್ಡಕ್ಕ ಎಂದೇ ಕರೆಯುವುದು. ಸೆರಗಿನೊಳಗಿಂದ ಮೊಮ್ಮಗನ ಮೊಬೈಲು ತೆಗೆದು ಕೊಟ್ಟರು. ಅದರಲ್ಲೊಂದು ಫೋಟೋ: ಭಾರತ ಸರ್ಕಾರದ ಗೆಜೆಟ್‌ನ ಒಂದು ಪುಟ, ಇಂಗ್ಲಿಷಿನಲ್ಲಿ, ಹಳ್ಳಿಗಳ ಹೆಸರುಗಳ ಉದ್ದ ಪಟ್ಟಿ.

"ಮೇಷ್ಟ್ರೇ, ಇದ್ರಲ್ಲಿ ನಮ್ಮೂರು ಇದ್ಯಾ ನೋಡಿ. ಇದ್ರೆ ಏಳ್ಬೇಕಂತಲ್ಲ?"

ಊರಿನ ಹೆಸರು ಇತ್ತು. ಇಂಗ್ಲಿಷ್ ಕಾಗುಣಿತದಲ್ಲಿ ಅದು ಎಷ್ಟು ಬದಲಾಗಿತ್ತೆಂದರೆ ನಾನೇ ಎರಡು ಸಲ ಓದಿ, ಹಿಂದುಮುಂದಿನ ಊರುಗಳ ಹೆಸರು ನೋಡಿ ಗುರುತು ಹಿಡಿದೆ. ಏಳಬೇಕೆಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ. ಹಾಗೆಂದು ಹೇಳಿದೆ. ದೊಡ್ಡಕ್ಕ ನನ್ನ ಮುಖವನ್ನೇ ನೋಡಿದರು. "ಆವಾಗ್ಲೂ ಹಿಂಗೇ ಅಂದಿದ್ರು" ಅಂದರು.

ಆವಾಗ ಎಂದರೆ ಯಾವಾಗ ಎಂದು ನಮ್ಮ ಸೀಮೆಯಲ್ಲಿ ಯಾರೂ ಕೇಳುವುದಿಲ್ಲ. ಅದು ಮುಳುಗಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ನಿಂತಾಗ ಊರಿಗೆ ಊರೇ ಲಾರಿ ಹತ್ತಿತು. ದೊಡ್ಡಕ್ಕನಿಗೆ ಆಗ ಹತ್ತು ವರ್ಷ. ಕಾಡಿನ ನಡುವೆ ಇಳಿಸಿ ಇಲ್ಲೇ ನಿಮ್ಮ ಜಾಗ ಎಂದರಂತೆ. ಅರವತ್ತು ವರ್ಷ ಕಳೆದರೂ ಆ ಜಾಗಗಳ ದಾಖಲೆಯಲ್ಲಿ ಅರಣ್ಯ ಎಂಬ ಪದ ಹಾಗೇ ಉಳಿದು, ಹಕ್ಕುಪತ್ರ ಸಿಗದೆ ಕಾಯುತ್ತಿರುವ ಕುಟುಂಬಗಳು ಸಾವಿರಾರು. ನಾಡಿಗೆ ಬೆಳಕು ಕೊಟ್ಟವರು ಇವರು. ಇವರ ಮುಂದೆ ನಾವು ಗೆಜೆಟ್ ಹಿಡಿದು "ಏಳಬೇಕಾಗಿಲ್ಲ" ಎನ್ನುವಾಗ ನಮ್ಮ ಮಾತಿಗೆ ಎಷ್ಟು ತೂಕವಿರುತ್ತದೆ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಮಲೆನಾಡಿನ ಜನ ಪರಿಸರವಿರೋಧಿಗಳು ಎಂದು ಊರಿನಾಚೆ ಕೂತು ಬರೆಯುವವರ ಮೇಲೆ ನನಗಿರುವ ಬೇಸರವೂ ಇದೇ.

ಆ ಪಟ್ಟಿ ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಆರನೆಯ ಕರಡು ಅಧಿಸೂಚನೆ. ಜುಲೈ 31ರ ತಾರೀಕು. ಅದಕ್ಕೆ ಹದಿನೈದು ದಿನ ಮೊದಲು, ಜುಲೈ 16ರಂದು, ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಜಾರಿತ್ತು. ಹಿಂದಿನ ದಿನ, ಜುಲೈ 30ರ ನಸುಕಿನಲ್ಲಿ, ವಯನಾಡಿನ ಊರುಗಳು ಕೆಸರಿನಡಿ ಹೋಗಿದ್ದವು. ಮೊದಲನೆಯ ಕರಡು ಬಂದದ್ದು 2014ರ ಮಾರ್ಚ್ 10ಕ್ಕೆ. ಆಮೇಲೆ 2015, 2017, 2018, 2022 ಮತ್ತು ಈ 2024. ಆರು ಸಲವೂ ಕರ್ನಾಟಕದ ಪಾಲು ಒಂದೇ: 20,668 ಚದರ ಕಿಲೋಮೀಟರ್. ಆರೂ ರಾಜ್ಯ ಸೇರಿ ಸುಮಾರು 56,825. ಬೆಳಗಾವಿಯಿಂದ ಚಾಮರಾಜನಗರದವರೆಗೆ ನಮ್ಮ ಹತ್ತು ಜಿಲ್ಲೆಗಳು ಆ ಗೆರೆಯೊಳಗೆ ಬರುತ್ತವೆ.

ಒಂದೇ ವಿಷಯಕ್ಕೆ ಆರು ಕರಡು ಏಕೆ? 1986ರ ಪರಿಸರ ಸಂರಕ್ಷಣಾ ನಿಯಮಗಳ 5ನೆಯ ನಿಯಮವನ್ನು ನೋಡಬೇಕು. ಕೇಂದ್ರ ಸರ್ಕಾರ ಒಂದು ಪ್ರದೇಶದಲ್ಲಿ ಕೈಗಾರಿಕೆ, ಗಣಿಗಾರಿಕೆಗಳನ್ನು ತಡೆಯಬೇಕೆಂದುಕೊಂಡರೆ ಮೊದಲು ಗೆಜೆಟ್‌ನಲ್ಲಿ ಕರಡು ಪ್ರಕಟಿಸಬೇಕು. ಆಸಕ್ತಿಯಿರುವ ಯಾರು ಬೇಕಾದರೂ ಅರವತ್ತು ದಿನದೊಳಗೆ ಬರವಣಿಗೆಯಲ್ಲಿ ಆಕ್ಷೇಪಣೆ ಸಲ್ಲಿಸಬಹುದು. ಬಂದ ಆಕ್ಷೇಪಣೆಗಳನ್ನು ಸರ್ಕಾರ ಪರಿಗಣಿಸಿ ಅಂತಿಮ ಅಧಿಸೂಚನೆ ಹೊರಡಿಸಬೇಕು. ಅದಕ್ಕೆ ಈಗಿರುವ ಗಡುವು 725 ದಿನ. ಅಷ್ಟರೊಳಗೆ ಅಂತಿಮವಾಗದಿದ್ದರೆ ಕರಡು ಬಿದ್ದುಹೋಗುತ್ತದೆ, ಮತ್ತೆ ಮೊದಲಿನಿಂದ ಶುರು. 2022ರ ಜುಲೈ 6ರ ಕರಡಿನ ಆಯುಸ್ಸು 2024ರ ಜೂನ್ ಕೊನೆಗೆ ಮುಗಿಯಿತು, ಜುಲೈ ಕೊನೆಗೆ ಹೊಸದು ಬಂತು.

ಕರಡು ಬಿದ್ದುಹೋದಾಗ ಅದರ ಜೊತೆಗೆ ಇನ್ನೊಂದೂ ಬಿದ್ದುಹೋಗುತ್ತದೆ. ಜನ ಬರೆದ ಅರ್ಜಿಗಳು. ಹಳೆಯ ಕರಡಿನ ಮೇಲೆ ಬರೆದದ್ದು ಹೊಸ ಕರಡಿಗೆ ಲೆಕ್ಕವಾಗುತ್ತದೆಯೋ ಇಲ್ಲವೋ ಎಂದು ಊರಿನವರಿಗೆ ಹೇಳುವವರು ಯಾರೂ ಇಲ್ಲ. ನಾನು 2018ರಲ್ಲಿ ಬರೆದುಕೊಟ್ಟ ಅರ್ಜಿಗಳಿಗೂ, 2022ರವಕ್ಕೂ ಒಂದು ಸಾಲಿನ ಉತ್ತರವೂ ಬರಲಿಲ್ಲ. ನಿಯಮದಲ್ಲಿ 'ಪರಿಗಣಿಸಬೇಕು' ಎಂದಿದೆಯೇ ಹೊರತು 'ಉತ್ತರಿಸಬೇಕು' ಎಂದಿಲ್ಲ. ನನ್ನ ಇವತ್ತಿನ ಮಾತೆಲ್ಲ ಈ ಎರಡು ಪದಗಳ ನಡುವಿನ ಕಂದಕದ ಬಗ್ಗೆ.

ಭಾಷೆಯ ವಿಷಯ ಮೊದಲು ಹೇಳಿಬಿಡುತ್ತೇನೆ. 1927ರ ಭಾರತೀಯ ಅರಣ್ಯ ಕಾಯ್ದೆ ಬ್ರಿಟಿಷರು ತಮ್ಮ ಮರಮಟ್ಟಿನ ಲಾಭಕ್ಕಾಗಿ ಮಾಡಿಕೊಂಡದ್ದು. ಜನರ ಮೇಲಿನ ಪ್ರೀತಿಗೆ ಅದರಲ್ಲಿ ಜಾಗವಿಲ್ಲ. ಆದರೂ ಅದರ 6ನೆಯ ಕಲಮು ಏನು ಹೇಳುತ್ತದೆ? ಒಂದು ಪ್ರದೇಶವನ್ನು ಮೀಸಲು ಅರಣ್ಯ ಮಾಡುವ ಮುನ್ನ ಅರಣ್ಯ ವ್ಯವಸ್ಥಾಪನಾಧಿಕಾರಿ ಸುತ್ತಲಿನ ಪ್ರತಿ ಊರಿನಲ್ಲೂ ಆ ಸೀಮೆಯ ಭಾಷೆಯಲ್ಲಿ ಘೋಷಣೆ ಹೊರಡಿಸಬೇಕು, ಮೂರು ತಿಂಗಳಿಗೆ ಕಡಿಮೆಯಿಲ್ಲದ ಅವಧಿ ಕೊಡಬೇಕು, ಹಕ್ಕಿದೆ ಎನ್ನುವವರು ಬರೆದಾದರೂ ಕೊಡಲಿ, ಎದುರಿಗೆ ಬಂದಾದರೂ ಹೇಳಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 21ನೆಯ ಕಲಮೂ ಹಾಗೆಯೇ: ಅಭಯಾರಣ್ಯದ ಒಳಗಿನ, ಅಕ್ಕಪಕ್ಕದ ಪ್ರತಿ ಊರಿನಲ್ಲಿ, ಪ್ರಾದೇಶಿಕ ಭಾಷೆಯಲ್ಲಿ. ಇವೆಲ್ಲ ಎಷ್ಟರಮಟ್ಟಿಗೆ ನಡೆದವು ಎಂಬುದು ಬೇರೆ ಮಾತು. ಕಾಗದದ ಮೇಲಾದರೂ ಸರ್ಕಾರ ಊರಿಗೆ ನಡೆದು ಬರಬೇಕಿತ್ತು. 1986ರ ನಿಯಮದಲ್ಲಿ ಊರು ಎಂಬ ಮಾತೇ ಇಲ್ಲ. ಗೆಜೆಟ್‌ನಲ್ಲಿ ಹಾಕಬೇಕು, ಜೊತೆಗೆ 'ಸರ್ಕಾರಕ್ಕೆ ಅಗತ್ಯವೆನಿಸಿದ ಇತರ ರೀತಿಯಲ್ಲಿ' ತಿಳಿಸಬಹುದು, ಅಷ್ಟೆ. ಭಾರತದ ಗೆಜೆಟ್ ಬರುವುದು ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ.

2020ರಲ್ಲಿ ಪರಿಸರ ಪರಿಣಾಮ ಅಂದಾಜಿನ ಹೊಸ ಕರಡು ಬಂದಾಗ ಇದೇ ತಕರಾರು ಕೋರ್ಟು ಹತ್ತಿತು. ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಿಗೆಲ್ಲ ಅದನ್ನು ಅನುವಾದ ಮಾಡಿಸಿ ಎಂದು ದೆಹಲಿ ಹೈಕೋರ್ಟ್ ಜೂನ್ 30ರಂದು ಹೇಳಿತು. ಆಗಸ್ಟ್‌ನಲ್ಲಿ ನಮ್ಮ ಹೈಕೋರ್ಟ್ ಅಂತಿಮ ಅಧಿಸೂಚನೆ ಹೊರಡಿಸದಂತೆ ಕೇಂದ್ರವನ್ನು ತಡೆದು ನಿಲ್ಲಿಸಿತು. ಕನ್ನಡದಲ್ಲಿ ಕೇಳದೆ ಕನ್ನಡಿಗರನ್ನು ಕೇಳಿದಂತಾಗುವುದಿಲ್ಲ ಎಂಬ ಸರಳ ಸಂಗತಿಗೆ ಎರಡು ಹೈಕೋರ್ಟ್‌ಗಳ ಬಾಗಿಲು ಬಡಿಯಬೇಕಾಯಿತು.

ಈಗ ಗೆರೆ ಎಳೆದ ರೀತಿ ನೋಡೋಣ. ಮಾಧವ ಗಾಡ್ಗೀಳರ ಸಮಿತಿಯನ್ನು ಕೇಂದ್ರ ರಚಿಸಿದ್ದು 2010ರ ಮಾರ್ಚ್‌ನಲ್ಲಿ. ಅವರು ಘಟ್ಟವನ್ನು ಸುಮಾರು ಒಂಬತ್ತು ಕಿಲೋಮೀಟರ್ ಅಗಲ, ಒಂಬತ್ತು ಕಿಲೋಮೀಟರ್ ಉದ್ದದ ಚೌಕಗಳಾಗಿ ವಿಂಗಡಿಸಿ, ಇಡೀ ಘಟ್ಟವನ್ನೇ ಸೂಕ್ಷ್ಮವೆಂದು ಕರೆದು, ಮೂರು ಹಂತದ ವಲಯಗಳನ್ನು ಸೂಚಿಸಿದರು. ಇದು ಮೊದಲ ಮಾತು ಮಾತ್ರ, ಕೊನೆಯ ಗೆರೆಯನ್ನು ಗ್ರಾಮಸಭೆಗಳ ಜೊತೆ ಕೂತು ಎಳೆಯಬೇಕು ಎಂದು ವರದಿಯಲ್ಲೇ ಬರೆದರು. 2011ರ ಆಗಸ್ಟ್ 31ಕ್ಕೆ ವರದಿ ಕೊಟ್ಟರು. ಗ್ರಾಮಸಭೆಗೆ ಕೊಡಿ ಎಂದು ಹೇಳಿದ ಆ ವರದಿಯನ್ನು ಸಚಿವಾಲಯ ಗುಟ್ಟಾಗಿ ಇಟ್ಟುಕೊಂಡಿತು. ಕೇರಳದ ನಾಗರಿಕರೊಬ್ಬರು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದರು. ಕೇಂದ್ರ ಮಾಹಿತಿ ಆಯೋಗ ಕೊಡಿ ಎಂದಿತು. ಸಚಿವಾಲಯ ಅದನ್ನೂ ಪ್ರಶ್ನಿಸಿ ದೆಹಲಿ ಹೈಕೋರ್ಟಿಗೆ ಹೋಗಿ ಸೋತಿತು. 2012ರ ಮೇ ತಿಂಗಳಲ್ಲಿ ವರದಿ ಹೊರಬಂತು. ಅಷ್ಟರಲ್ಲಿ ಒಂಬತ್ತು ತಿಂಗಳ ಕಾಲ ಊರೂರುಗಳಲ್ಲಿ ಓಡಾಡಿದ್ದು ವರದಿಯಲ್ಲ, ವದಂತಿ. ದನ ಕಟ್ಟುವಂತಿಲ್ಲ, ಕೊಟ್ಟಿಗೆಗೆ ಶೀಟು ಹಾಕುವಂತಿಲ್ಲ, ಸಂಜೆ ಆದಮೇಲೆ ದೀಪ ಹಚ್ಚುವಂತಿಲ್ಲ. ನಮ್ಮೂರ ಸೊಸೈಟಿಯ ಕಟ್ಟೆಯ ಮೇಲೆ ಇವನ್ನೆಲ್ಲ ನಾನೇ ಕಿವಿಯಾರೆ ಕೇಳಿದ್ದೇನೆ. ಜನ ದಡ್ಡರಾಗಿ ನಂಬಿದ್ದಲ್ಲ. ಓದಲು ಕಾಗದ ಕೊಡದೆ ಇದ್ದಾಗ ಮನುಷ್ಯ ತನ್ನ ಹಳೆಯ ಪೆಟ್ಟುಗಳ ನೆನಪನ್ನೇ ಓದಿಕೊಳ್ಳುತ್ತಾನೆ.

ಆಮೇಲೆ ಬಂದದ್ದು, ಈ ಆರು ಕರಡುಗಳಿಗೂ ಆಧಾರವಾದ ಕಸ್ತೂರಿರಂಗನ್ ಸಮಿತಿಯ ವರದಿ, 2013ರಲ್ಲಿ. ಅವರು ಉಪಗ್ರಹ ಚಿತ್ರ ನೋಡಿ, ಘಟ್ಟದ ಸುಮಾರು ಶೇ. 60ರಷ್ಟು ಜನ ಬದುಕಿ ಬೆಳೆಸಿದ ನೆಲ, ಉಳಿದದ್ದು ಸಹಜ ಕಾಡು ಎಂದು ಬೇರ್ಪಡಿಸಿ, ಸುಮಾರು ಶೇ. 37ರಷ್ಟನ್ನು ಸೂಕ್ಷ್ಮ ಪ್ರದೇಶವೆಂದರು. ಗಾಡ್ಗೀಳರದಕ್ಕಿಂತ ಇದು ಸಡಿಲ. ಇದರ ಅಳತೆಗೋಲು ಹಳ್ಳಿ. ಒಂದು ಹಳ್ಳಿಯ ವಿಸ್ತೀರ್ಣದಲ್ಲಿ ಶೇ. 20ರಷ್ಟೋ ಅದಕ್ಕಿಂತ ಹೆಚ್ಚೋ ಸೂಕ್ಷ್ಮ ಪ್ರದೇಶವಿದ್ದರೆ ಇಡೀ ಹಳ್ಳಿ ಪಟ್ಟಿಗೆ. ತೊಂದರೆ ಹುಟ್ಟಿದ್ದು ಇಲ್ಲೇ. ಮಲೆನಾಡಿನಲ್ಲಿ ತೋಟಕ್ಕೆ ಸೊಪ್ಪಿನಬೆಟ್ಟವಿದೆ. ಎಕರೆ ತೋಟಕ್ಕೆ ಹಲವು ಎಕರೆ ಬೆಟ್ಟ, ಅದರ ಸೊಪ್ಪು ದರಕು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ. ಮೇಲಿನಿಂದ ನೋಡಿದ ಉಪಗ್ರಹಕ್ಕೆ ಬೆಟ್ಟವೂ ಹಸಿರು, ಕಾನೂ ಹಸಿರು, ಕೆಲವೆಡೆ ತೋಟವೂ ಹಸಿರು. ಯಾವ ಹಸಿರು ಯಾರ ದುಡಿಮೆಯಿಂದ ನಿಂತಿದೆ ಎಂದು ಆ ಚಿತ್ರ ಹೇಳಲಾರದು. ಅದನ್ನು ಹೇಳಬಲ್ಲವರು ಊರಿನವರು. ಊರಿಗೆ ಬರದೆ ಎಳೆದ ಗೆರೆಯಲ್ಲಿ ಮರ ಕಡಿಯದೆ ಕಾದವನಿಗೂ, ಗುಡ್ಡ ಬಗೆದವನಿಗೂ ವ್ಯತ್ಯಾಸ ಕಾಣಲಿಲ್ಲ. ಇನ್ನೂ ಬೇಸರದ ಮಾತೆಂದರೆ, ಹಸಿರು ಉಳಿಸಿಕೊಂಡ ಹಳ್ಳಿ ಪಟ್ಟಿಯೊಳಗೆ, ಕಡಿದು ಬೋಳು ಮಾಡಿದ ಪಕ್ಕದ ಹಳ್ಳಿ ಪಟ್ಟಿಯಾಚೆ.

ಕೇರಳ ಬೇರೆ ದಾರಿ ಹಿಡಿಯಿತು. ಸಮಿತಿಯೊಂದನ್ನು ನೇಮಿಸಿ, ಊರೂರಿನಲ್ಲಿ ನಕಾಶೆಯನ್ನು ನೆಲದ ಜೊತೆ ತಾಳೆ ನೋಡಿಸಿ, 13,108 ಚದರ ಕಿಲೋಮೀಟರ್ ಇದ್ದ ತನ್ನ ಪಾಲನ್ನು 9,993.7ಕ್ಕೆ ಇಳಿಸಿತು. ಆ ಅಂಕಿ 2014ರ ಮೊದಲ ಕರಡಿನಲ್ಲೇ ಬಂತು. ಇಳಿಸಿದ್ದೆಲ್ಲ ಸರಿಯೆಂದು ನಾನು ಹೇಳುವುದಿಲ್ಲ. ಅಲ್ಲಿ ಓಟಿನ ಲೆಕ್ಕವೂ ಇತ್ತು. ಆದರೆ ಊರಿನ ಮಾತಿನಿಂದ ನಕಾಶೆ ಬದಲಾಗಬಲ್ಲದು ಎಂಬುದು ಅಲ್ಲಿ ಸಾಬೀತಾಯಿತು. ನಮ್ಮಲ್ಲಿ ಸಂಪುಟ ಉಪಸಮಿತಿ, ಸಭೆ, ಹೇಳಿಕೆ ಎಲ್ಲ ನಡೆದವು. ನಮ್ಮ ಅಂಕಿ ಮಾತ್ರ ಹತ್ತು ವರ್ಷ ಒಂದು ಚದರ ಕಿಲೋಮೀಟರೂ ಅಲುಗಲಿಲ್ಲ. 2024ರ ಸೆಪ್ಟೆಂಬರ್ 26ರಂದು ರಾಜ್ಯ ಸಂಪುಟ ಕಸ್ತೂರಿರಂಗನ್ ವರದಿಯನ್ನೇ ತಿರಸ್ಕರಿಸಿತು, ಅರವತ್ತು ದಿನದ ಗಡುವು ಮುಗಿಯಲು ಇನ್ನು ಎರಡು ಮೂರು ದಿನ ಇರುವಾಗ. ನಮ್ಮ ಶಾಸಕರು ಸಂಭ್ರಮಿಸಿದರು. ನನಗೆ ಸಂಭ್ರಮವಾಗಲಿಲ್ಲ. ಕಾರಣ, ದೊಡ್ಡಕ್ಕನ ಅರ್ಜಿ.

ದೊಡ್ಡಕ್ಕ ಮೊಬೈಲು ತಂದ ದಿನ ಮೇಣದಬತ್ತಿ ಹಚ್ಚಿಕೊಂಡು ಅರ್ಜಿ ಬರೆಯಲು ಕೂತಿದ್ದೆವು. ಕರಡಿನಲ್ಲಿ ಏನಿದೆ ಎಂದು ನಾನು ಕನ್ನಡದಲ್ಲಿ ಓದಿ ಹೇಳಿದೆ. ಗಣಿಗಾರಿಕೆ, ಕಲ್ಲುಕ್ವಾರಿ, ಮರಳುಗಾರಿಕೆ ಪೂರ್ತಿ ಬಂದ್. ಹೊಸ ಉಷ್ಣವಿದ್ಯುತ್ ಸ್ಥಾವರ ಇಲ್ಲ. ಕೆಂಪು ವರ್ಗದ ಹೊಸ ಕೈಗಾರಿಕೆ ಇಲ್ಲ. 20,000 ಚದರ ಮೀಟರಿಗಿಂತ ದೊಡ್ಡ ಕಟ್ಟಡ ಇಲ್ಲ. ಮನೆ ರಿಪೇರಿ, ತೋಟ, ಗದ್ದೆಗೆ ತಡೆಯಿಲ್ಲ. ಜಮೀನಿನ ಮಾಲೀಕತ್ವಕ್ಕೆ ಧಕ್ಕೆಯಿಲ್ಲ. ದೊಡ್ಡಕ್ಕ ಗಲ್ಲಕ್ಕೆ ಕೈಯಿಟ್ಟು ಕೇಳಿದರು. ಆಮೇಲೆ ಹೇಳಿದ್ದನ್ನು ಅವರ ಮಾತಿನಲ್ಲೇ ಹೇಳುತ್ತೇನೆ.

"ಕಲ್ಲುಕ್ವಾರಿ ಬಂದ್ ಮಾಡ್ತಾರಂದ್ರೆ ಒಳ್ಳೇದೇ ಅಲ್ವಾ? ಬರೀರಿ, ಕ್ವಾರಿ ಬ್ಯಾಡ ಅಂತ. ಮ್ಯಾಲಿನ ಗುಡ್ಡಕ್ಕೆ ಬಾಂಬ್ ಇಟ್ಟಾಗ್ಲೆಲ್ಲ ನಮ್ಮ ಬಾವಿ ನೀರು ಕದಡ್ತದೆ. ಆದ್ರೆ ನಮ್ ಜಾಗಕ್ಕೆ ಹಕ್ಕುಪತ್ರ ಇಲ್ಲ. ಮಾಲೀಕತ್ವಕ್ಕೆ ಧಕ್ಕೆ ಇಲ್ಲ ಅಂತಾರೆ, ಮಾಲೀಕತ್ವನೇ ಇಲ್ದೋರಿಗೆ ಏನು ಅಂತ ಕೇಳಿ. ಮತ್ತೆ, ಪಟ್ಟಿಯಲ್ಲಿ ನಮ್ಮೂರ ಹೆಸರು ಸರಿ ಮಾಡ್ಲಿ."

ಮೂರು ಮಾತು. ಒಂದು ಒಪ್ಪಿಗೆ, ಒಂದು ಪ್ರಶ್ನೆ, ಒಂದು ತಿದ್ದುಪಡಿ. ವಕೀಲರು ಕೂತು ಬರೆದರೂ ಇಷ್ಟು ಚೊಕ್ಕವಾಗಿ ಬರುತ್ತಿರಲಿಲ್ಲ. ಎರಡನೆಯ ಪ್ರಶ್ನೆಯಂತೂ ಇಡೀ ಕರಡಿನ ಹುಳುಕನ್ನೇ ಹಿಡಿದು ಎತ್ತಿತ್ತು. ಹಕ್ಕು ಇರುವವರಿಗೆ ಅಭಯ ಕೊಡುವ ಕಾಗದ, ಹಕ್ಕು ಕೊಡಬೇಕಾಗಿದ್ದೂ ಕೊಡದೆ ಬಿಟ್ಟವರ ಬಗ್ಗೆ ಬಾಯಿ ಬಿಡುವುದಿಲ್ಲ.

ಈ ಅರ್ಜಿಯನ್ನು ಯಾವ ಕಡತಕ್ಕೆ ಸೇರಿಸುತ್ತಾರೆ? ಪರ ಎಂದೋ, ವಿರೋಧ ಎಂದೋ? ನಮ್ಮ ಪಂಚಾಯ್ತಿಯಲ್ಲಿ ಅದೇ ವಾರ ನಡೆದ ಸಭೆಯಲ್ಲಿ ಒಂದೇ ಠರಾವು ಆಯಿತು, ವರದಿ ಬೇಡ ಎಂದು. ಕೈ ಎತ್ತಿದವರಲ್ಲಿ ಕ್ವಾರಿಯಿಂದ ಬಾವಿ ಕಳೆದುಕೊಂಡವರೂ ಇದ್ದರು, ಕ್ವಾರಿಗೆ ಲಾರಿ ಬಿಟ್ಟವರೂ ಇದ್ದರು. ಇಬ್ಬರ ಕೈಯೂ ಒಂದೇ ಎತ್ತರದಲ್ಲಿತ್ತು. ಠರಾವಿನಲ್ಲಿ ಅದು 'ಸರ್ವಾನುಮತ'. ಬೇಕು ಬೇಡಗಳ ಈ ತಕ್ಕಡಿಯಲ್ಲಿ ಜನರ ಮಾತು ತೂಗಲು ಹೊರಟರೆ ಆ ಮಾತಿನೊಳಗಿನ ವಿವೇಕವೆಲ್ಲ ಸೋರಿಹೋಗುತ್ತದೆ. ಜನರಲ್ಲಿರುವುದು ಬರಿಯ ಅಭಿಪ್ರಾಯವಲ್ಲ, ತಿಳಿವಳಿಕೆ. ಯಾವ ಗುಡ್ಡದ ಜಲ ಯಾವ ಬಾವಿಗೆ ಬರುತ್ತದೆ, ಯಾವ ದರೆ ಯಾವ ವರ್ಷ ಜರಿಯಿತು, ಯಾವ ಸರ್ವೆ ನಂಬರು ಕಾಗದದಲ್ಲಿ ಕಾಡಾಗಿ ನೆಲದಲ್ಲಿ ಗದ್ದೆಯಾಗಿದೆ ಎಂಬುದು ಅವರ ನಿತ್ಯದ ಅನ್ನದ ವಿಷಯ.

ಬಯಲುಸೀಮೆಯಿಂದ ಒಂದು ಉದಾಹರಣೆ ತರುತ್ತೇನೆ. ಮಲೆನಾಡಿನವರು ಇದನ್ನು ಮನಸ್ಸಿಟ್ಟು ಕೇಳಬೇಕು. ಗದಗ, ಮುಂಡರಗಿ, ಶಿರಹಟ್ಟಿ ಸೀಮೆಯಲ್ಲಿ ಕಪ್ಪತಗುಡ್ಡ ಇದೆ. ಆ ಕಡೆಯವರಿಗೆ ಅದು ಔಷಧಿ ಗಿಡಗಳ ಗುಡ್ಡ. ಮಳೆ ಕಡಿಮೆಯ ನಾಡಿನಲ್ಲಿ ಮೋಡವನ್ನು ತಡೆದು ನಿಲ್ಲಿಸುವ ಗುಡ್ಡ. ಅದರ ಹೊಟ್ಟೆಯಲ್ಲಿ ಕಬ್ಬಿಣವಿದೆ, ಚಿನ್ನವಿದೆ, ಆದ್ದರಿಂದ ಗಣಿಯವರ ಕಣ್ಣೂ ಇದೆ. 2015ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರ ಸುಮಾರು 17,872 ಹೆಕ್ಟೇರನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ವನ್ಯಜೀವಿ ಕಾಯ್ದೆಯ 36ಎ ಕಲಮಿನಡಿ. ಈ ಕಲಮಿಗೊಂದು ವಿಶೇಷವಿದೆ: ಸ್ಥಳೀಯ ಸಮುದಾಯಗಳೊಂದಿಗೆ ಸಮಾಲೋಚಿಸಿದ ಮೇಲೆಯೇ ಘೋಷಣೆ ಮಾಡಬೇಕು. ಆ ಸಮಾಲೋಚನೆ ನಡೆದಿರಲಿಲ್ಲ. ಆ ಲೋಪವನ್ನೇ ಹಿಡಿದು ತಕರಾರು ಎದ್ದಿತು. 2016ರ ನವೆಂಬರ್ 4ರಂದು ಸರ್ಕಾರ ತನ್ನ ಆದೇಶವನ್ನು ತಾನೇ ವಾಪಸು ಪಡೆಯಿತು. ಜನರನ್ನು ಕೇಳಬೇಕೆಂದು ಜನರ ಹಿತಕ್ಕಾಗಿ ಬರೆದಿಟ್ಟ ಮಾತು ಗುಡ್ಡದ ಕಾವಲನ್ನೇ ತೆಗೆಯುವ ಆಯುಧವಾಯಿತು.

ಆಮೇಲೆ ನಡೆದದ್ದು ನಮ್ಮ ನಾಡಿನ ಚರಿತ್ರೆಯಲ್ಲಿ ನೆನಪಿಡಬೇಕಾದ ಸಂಗತಿ. ಕೇಳಿಲ್ಲ ಎಂದಿರಲ್ಲ, ಈಗ ಕೇಳಿ, ಹೇಳುತ್ತೇವೆ ಎಂದು ಗದಗ ಜಿಲ್ಲೆ ಎದ್ದುನಿಂತಿತು. 2017ರ ಆರಂಭದಲ್ಲಿ ಗದಗದಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಯಿತು. ಗುಡ್ಡದ ತಪ್ಪಲಿನ ರೈತರು, ಕುರಿಗಾರರು, ಊರಿನ ವೈದ್ಯರು, ಮಠಗಳವರು, ವಿದ್ಯಾರ್ಥಿಗಳು ಬಂದರು. ಮಾತಾಡಿದ ಬಹುಪಾಲು ಜನ ಕೇಳಿದ್ದು ಒಂದೇ: ಕಪ್ಪತಗುಡ್ಡಕ್ಕೆ ಕಾವಲು ಮರಳಿ ಕೊಡಿ. ಫೆಬ್ರುವರಿಯಲ್ಲಿ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತು ಧರಣಿ ಕೂರಿಸಿದರು. ಅವರಿಗೆ ಇದು ಹೊಸದಲ್ಲ. 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ರೈತರು ಉಕ್ಕಿನ ಕಾರ್ಖಾನೆಗೆ ಜಮೀನು ಕೊಡೆವು ಎಂದಾಗಲೂ ಜೊತೆಗೆ ನಿಂತಿದ್ದವರು. 2017ರಲ್ಲೇ ಸರ್ಕಾರ ಮಣಿದು ಸಂರಕ್ಷಿತ ಪ್ರದೇಶದ ಸ್ಥಾನ ಮರಳಿಸಿತು. 2019ರ ಮೇ ತಿಂಗಳಲ್ಲಿ 244.15 ಚದರ ಕಿಲೋಮೀಟರ್ ವನ್ಯಜೀವಿ ಧಾಮವಾಯಿತು. ಸ್ವಾಮಿಗಳು ಅದನ್ನು ನೋಡಲಿಲ್ಲ. 2018ರ ಅಕ್ಟೋಬರ್‌ನಲ್ಲಿ ಲಿಂಗೈಕ್ಯರಾಗಿದ್ದರು.

ಜನರನ್ನು ಕೇಳಿದರೆ ಕಾಡು ಉಳಿಯುವುದಿಲ್ಲ ಎಂದು ಹೇಳುವ ಪರಿಸರವಾದಿ ಗೆಳೆಯರು ನನಗಿದ್ದಾರೆ. ಅವರ ಭಯ ಪೂರಾ ಸುಳ್ಳಲ್ಲ. ನಮ್ಮ ಪಂಚಾಯ್ತಿ ಸಭೆಯನ್ನು ಈಗಷ್ಟೇ ಹೇಳಿದೆ. ಆದರೆ ಗದಗದಲ್ಲಿ ಕೇಳದೆ ಮಾಡಿದ ಕಾವಲು ಒಂದೇ ಸಹಿಯಲ್ಲಿ ಹೋಯಿತು, ಕೇಳಿ ಮಾಡಿದ ಕಾವಲು ಇನ್ನಷ್ಟು ಗಟ್ಟಿಯಾಗಿ ಮರಳಿತು. ಗದಗದವರಿಗೂ ನಮ್ಮವರಿಗೂ ಇರುವ ವ್ಯತ್ಯಾಸ ಪರಿಸರ ಪ್ರೇಮದ್ದಲ್ಲ. ಅಲ್ಲಿ ಕೇಳಿದ್ದು ಕನ್ನಡದಲ್ಲಿ, ಜಿಲ್ಲೆಯ ಊರಿನಲ್ಲೇ, ಎದುರುಬದುರು ಕೂತು, ಹೆಸರಿರುವ ಒಂದು ಗುಡ್ಡದ ಬಗ್ಗೆ. ಹೇಳಿದವರಿಗೆ ಕೆಲವೇ ತಿಂಗಳಲ್ಲಿ ಫಲ ಕಂಡಿತು.

ಉತ್ತರ ಕನ್ನಡದಿಂದಲೂ ಒಂದು ಮಾತು ಸೇರಿಸಬೇಕು. 2011ರಲ್ಲಿ ಇದೇ 36ಎ ಕಲಮಿನಡಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಆಯಿತು, 299.52 ಚದರ ಕಿಲೋಮೀಟರ್. ಸಿಂಗಳೀಕ ತಿನ್ನುವ ಉಪ್ಪಗೆ ಹಣ್ಣನ್ನೇ ಊರಿನವರೂ ಕೊಯ್ದು, ಸಿಪ್ಪೆ ಒಣಗಿಸಿ ಮಾರುತ್ತಾರೆ. ಇಬ್ಬರಿಗೂ ಒಂದೇ ಮರ. ಸಂರಕ್ಷಿತ ಪ್ರದೇಶವಾದರೆ ಅದರ ನಿರ್ವಹಣಾ ಸಮಿತಿಯಲ್ಲಿ ಪ್ರತಿ ಗ್ರಾಮ ಪಂಚಾಯ್ತಿಗೆ ಒಂದು ಕುರ್ಚಿ ಕಾಯ್ದೆಯಲ್ಲೇ ಇದೆ. ಯಾವ ತಿಂಗಳು ಕೊಯ್ಯಬೇಕು, ಎಷ್ಟು ಬಿಡಬೇಕು ಎಂದು ಕೂತು ಮಾತಾಡಲು ಒಂದು ಜಾಗ. 2019ರಲ್ಲಿ ಆ ಪ್ರದೇಶ 930.16 ಚದರ ಕಿಲೋಮೀಟರಿನ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದೊಳಗೆ ಸೇರಿಹೋಯಿತು. ಕಾವಲು ಬಿಗಿಯಾಯಿತು, ಕುರ್ಚಿ ಹೋಯಿತು. ಸಿಂಗಳೀಕದ ಮೇಲೆ ನನಗೆ ಅಪಾರ ಪ್ರೀತಿ, ಅಭಯಾರಣ್ಯ ಬೇಡವೆಂದು ನಾನು ಹೇಳಲಾರೆ. ಆದರೆ ಆ ಕುರ್ಚಿಯನ್ನು ತೆಗೆಯಲೇಬೇಕಿತ್ತೆ?

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಸರ್ಕಾರ ಬಂದು ಕೇಳಲಿ ಎಂದು ಕಾಯುತ್ತ ಕೂರಲಿಲ್ಲ. ತಮ್ಮ ಕಾಡಿನ ನಕಾಶೆಯನ್ನು ಸಂಶೋಧಕರ ಜೊತೆ ಕೂತು ತಾವೇ ಬರೆಸಿದರು. ಅವರ ಲೆಕ್ಕದಲ್ಲಿ ಕಾಡು ಎಂದರೆ ಕುಲಕುಲಕ್ಕೊಂದು ಯಲ್ಲೆ. ಪ್ರತಿ ಯಲ್ಲೆಯಲ್ಲೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ. ಅರಣ್ಯ ಇಲಾಖೆಯ ಹಾಳೆಯಲ್ಲಿ ಬರಿಯ ಹಸಿರಾಗಿದ್ದ ಕಡೆ ನೂರಾರು ಹೆಸರುಗಳು ಎದ್ದವು. 2011ರ ಜನವರಿಯಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ 25 ಗ್ರಾಮಸಭೆಗಳಿಗೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಕಾಡಿನೊಳಗೆ ಇಂಥ ಹಕ್ಕು ದೇಶದಲ್ಲೇ ಮೊದಲು ಬಂದದ್ದು ಅಲ್ಲಿ.

ಇದಕ್ಕೂ ಮೂವತ್ತು ವರ್ಷ ಹಿಂದೆ ಶಿರಸಿಯಲ್ಲಿ ನಡೆದದ್ದು ನನ್ನ ಪೀಳಿಗೆಯವರಿಗೆ ನೆನಪಿದೆ. ಬೇಡ್ತಿ ಹೊಳೆಗೆ ಅಣೆಕಟ್ಟು ಎಂದಾಗ ಅಡಿಕೆ ಬೆಳೆಗಾರರು ಬೀದಿಯಲ್ಲಿ ಘೋಷಣೆ ಕೂಗಿ ಸುಮ್ಮನಾಗಲಿಲ್ಲ. 1981ರ ಜನವರಿಯಲ್ಲಿ ತೋಟಗಾರ್ಸ್ ಸೇಲ್ ಸೊಸೈಟಿ ವಿಜ್ಞಾನಿಗಳನ್ನು, ಅರ್ಥಶಾಸ್ತ್ರಜ್ಞರನ್ನು ಶಿರಸಿಗೇ ಕರೆಸಿ, ಯೋಜನೆಯ ಲಾಭನಷ್ಟದ ಲೆಕ್ಕವನ್ನು ಮತ್ತೆ ಹಾಕಿಸಿತು. ಮುಳುಗುವ ತೋಟ, ಬೆಟ್ಟ, ಕಾಡುಗಳ ಬೆಲೆ ಸರ್ಕಾರದ ಲೆಕ್ಕದಲ್ಲಿ ಸರಿಯಾಗಿ ಬಂದೇ ಇರಲಿಲ್ಲ. ರೈತರ ಸಹಕಾರ ಸಂಘವೊಂದು ತನ್ನ ದುಡ್ಡಿನಲ್ಲಿ ಅಂಥ ಗೋಷ್ಠಿ ನಡೆಸಿದ್ದನ್ನು ನೆನೆದರೆ ಈಗಲೂ ಮೈ ಪುಳಕಗೊಳ್ಳುತ್ತದೆ. ಆ ಅಣೆಕಟ್ಟು ಏಳಲಿಲ್ಲ. ಶಿರಸಿಯವರ ಪ್ರಶ್ನೆಗೆ ಸರ್ಕಾರ ಲೆಕ್ಕದಲ್ಲೇ ಉತ್ತರ ಕೊಡಬೇಕಾಗಿ ಬಂತು, ಕೊಡಲು ಲೆಕ್ಕವಿರಲಿಲ್ಲ.

ಹಾಗಾದರೆ ನಾನು ಕೇಳುವುದೇನು? ಹೊಸ ಕಾಯ್ದೆಯಲ್ಲ. 5ನೆಯ ನಿಯಮಕ್ಕೆ ಒಂದು ಸಾಲು ಸೇರಿದರೆ ಸಾಕು: ಬಂದ ಪ್ರತಿ ಆಕ್ಷೇಪಣೆಗೂ, ಹಳ್ಳಿವಾರು, ಆ ರಾಜ್ಯದ ಭಾಷೆಯಲ್ಲಿ, ಒಪ್ಪಿದ್ದಕ್ಕೋ ತಳ್ಳಿದ್ದಕ್ಕೋ ಕಾರಣ ಬರೆದು ಪಂಚಾಯ್ತಿ ಕಚೇರಿಯ ಗೋಡೆಗೆ ಹಚ್ಚಬೇಕು. ಅರ್ಜಿಗಳು ಸಾವಿರಾರು ಬರುತ್ತವೆ, ಉತ್ತರಿಸಲು ಆಗುವುದಿಲ್ಲ ಎನ್ನುವವರಿದ್ದಾರೆ. 725 ದಿನ ಇದೆ. ಆ ಅವಧಿಯಲ್ಲಿ ತಹಸೀಲ್ದಾರರು, ಅರಣ್ಯದ ರೇಂಜರು, ಸರ್ವೆಯವರು ಒಂದೊಂದು ಪಂಚಾಯ್ತಿಗೆ ಎರಡು ದಿನ ಬಂದು ಕೂತರೂ ಮುಗಿಯುವ ಕೆಲಸ. ಬರುವ ಮುನ್ನ ಡಂಗುರ ಹೊಡೆಸಬೇಕು. ಮಳೆಗಾಲ ಬಿಟ್ಟು, ಕೊಯ್ಲು ಬಿಟ್ಟು ಬರಬೇಕು. ಕೊನೆಯ ಎರಡು ಕರಡುಗಳ ಅರವತ್ತು ದಿನವೂ ಮಲೆನಾಡಿನ ಮಳೆಯಲ್ಲೇ ಕಳೆದುಹೋದವು. ಹಕ್ಕುಪತ್ರದ ತಕರಾರು ಇರುವಲ್ಲಿ ಮೊದಲು ಹಕ್ಕು ತೀರ್ಮಾನವಾಗಲಿ, ಆಮೇಲೆ ಗೆರೆ. ಈ ಕ್ರಮವನ್ನು ಅದಲುಬದಲು ಮಾಡಿದ್ದರಿಂದಲೇ ನಮ್ಮ ಜನ ಗೆರೆ ಕಂಡರೆ ಹೆದರುತ್ತಾರೆ.

ರಾಜ್ಯ ಸರ್ಕಾರಕ್ಕೂ ಒಂದು ಮಾತು. ವರದಿಯನ್ನು ತಿರಸ್ಕರಿಸುವುದು ಜನರ ಮಾತು ಕೇಳಿದಂತಲ್ಲ. ಸಂಪುಟದ ಆ ತೀರ್ಮಾನದಲ್ಲಿ ದೊಡ್ಡಕ್ಕನ ಬಾವಿ ಇರಲಿಲ್ಲ. ಕ್ವಾರಿ ಬೇಡ ಎಂದ ಅವರ ಒಪ್ಪಿಗೆಯೂ ಬೇಡ ಎಂಬ ರಾಶಿಯೊಳಗೇ ಹೂತುಹೋಯಿತು.

ದೊಡ್ಡಕ್ಕನ ಅರ್ಜಿಯನ್ನು ಆ ದಿನವೇ ಎರಡು ಪ್ರತಿ ಮಾಡಿದೆ. ಹೆಬ್ಬೆಟ್ಟು ಬೇಡವೆಂದು ಹಟ ಮಾಡಿ ಅವರು ತಮ್ಮ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದರು. ಮುಳುಗಡೆಗೆ ಮುಂಚೆ ಮೂರನೆಯ ಕ್ಲಾಸಿನವರೆಗೆ ಓದಿದ್ದರಂತೆ. ಆ ಶಾಲೆ ಈಗ ನೀರಿನಡಿ ಇದೆ. ಮರುದಿನ ಹೊಳೆ ಇಳಿದ ಮೇಲೆ ಪೋಸ್ಟಾಫೀಸಿಗೆ ಹೋಗಿ ರಿಜಿಸ್ಟರ್ ಮಾಡಿದೆವು. ಹತ್ತು ಹನ್ನೆರಡು ದಿನಕ್ಕೆ ಸ್ವೀಕೃತಿ ಕಾರ್ಡು ವಾಪಸು ಬಂತು, ದೆಹಲಿಯ ಯಾರದೋ ಅರ್ಧ ಸಹಿ, ಮಸುಕಾದ ಸೀಲು. ದೊಡ್ಡಕ್ಕ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ತಂದೆಯ ಹೆಸರಿನ ಮುಳುಗಡೆ ಪರಿಹಾರದ ಚೀಟಿಯ ಜೊತೆಗೆ ಟ್ರಂಕಿನಲ್ಲಿಟ್ಟರು. ಮೊನ್ನೆ ಈ ಉಪನ್ಯಾಸಕ್ಕೆ ಹೊರಡುವಾಗ ದಣಪೆಯ ಹತ್ತಿರ ಸಿಕ್ಕಿದರು. ಎಲ್ಲಿಗೆ ಎಂದು ಕೇಳಿದರು, ಹೇಳಿದೆ.

"ಅಲ್ಲಿ ದೊಡ್ಡೋರು ಬಂದಿರ್ತಾರಾ ಮೇಷ್ಟ್ರೇ? ಬಂದಿದ್ರೆ ನಮ್ ಕಾಗ್ದ ಏನಾಯ್ತು ಅಂತ ಒಂದು ಮಾತು ಕೇಳ್ಕೊಂಡು ಬನ್ನಿ" ಅಂದರು.

ಆ ಮಾತನ್ನು ನಿಮ್ಮ ಮುಂದೆ ಇಟ್ಟಿದ್ದೇನೆ.